ಫ್ರಾಯ್ಡನ ಈಗೋಗೆ 'ಅಹಂ' ಸರಿಯೇ?

ಗೆಳೆಯರೇ,

ಬಿ.ಎಡ್. ಓದುವವರಿಗಾಗಿ ಮನೋವಿಜ್ಞಾನದ ನೋಟ್ಸ್ ತಿದ್ದುತ್ತಿದ್ದೇನೆ. ಸಿಗ್ಮಂಡ್ ಫ್ರಾಯ್ಡನ ಪಾಠದಲ್ಲಿ ಗಾಡಿ ನಿಂತಿದೆ. ಇಡ್, ಈಗೋ, ಸೂಪರ್‌ಈಗೋ ಎಂದು ಅವನು ಮನಸ್ಸಿನಲ್ಲಿ ಗುರುತಿಸಿದ ಮೂರು ಭಾಗಗಳಿಗೆ ನೋಟ್ಸಿನಲ್ಲಿ ಇದಂ, ಅಹಂ, ಪರಾಹಂ ಎಂದಿದೆ. ಇದಂ, ಪರಾಹಂ ಹೇಗೋ ನಡೆಯುತ್ತವೆ. ಅವನ್ನು ಯಾರೂ ದಿನಾ ಆಡುವುದಿಲ್ಲ, ಹಾಗಾಗಿ ನಾವು ಹೇಳಿದ ಅರ್ಥವೇ ನಿಲ್ಲುತ್ತದೆ. ನನ್ನ ತಕರಾರು ನಡುವಿನ 'ಅಹಂ' ಮೇಲೆ.

"ಅವನಿಗೆ ಅಹಂ ಜಾಸ್ತಿ", "ಈಗೋ ಬಿಟ್ಟು ಮಾತಾಡು ಮಾರಾಯ" ಅಂತ ನಾವು ಬೈಯುತ್ತೇವೆ, ಅಲ್ವಾ? ಅಲ್ಲಿ ಅಹಂ ಅಂದರೆ ಸೊಕ್ಕು. ಫ್ರಾಯ್ಡ್ ಹೇಳುವುದು ಅದಲ್ಲವೇ ಅಲ್ಲ. ಸಕ್ಕರೆ ಕಾಯಿಲೆಯವರೊಬ್ಬರು ಮದುವೆ ಊಟಕ್ಕೆ ಕೂತಿದ್ದಾರೆ ಅನ್ನಿ. ಎಲೆಗೆ ಹೋಳಿಗೆ ಬಿತ್ತು. 'ಈಗಲೇ ತಿನ್ನು, ಇನ್ನೊಂದು ಹಾಕಿಸಿಕೋ' ಅನ್ನುವುದು ಇಡ್. ಅದಕ್ಕೆ ಹೊತ್ತು ಗೊತ್ತು ಇಲ್ಲ, ಬೇಕು ಅಂದರೆ ಬೇಕು. 'ಈ ವಯಸ್ಸಲ್ಲೂ ಬಾಯಿಚಪಲವಾ, ನಾಚಿಕೆ ಆಗಲ್ವಾ' ಎಂದು ಗದರುವುದು ಸೂಪರ್‌ಈಗೋ. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಗದರಿಸಿದ್ದೇ ಒಳಗೆ ಕೂತು ಹೀಗೆ ಮಾತಾಡುತ್ತದೆ. 'ಅರ್ಧ ತಿನ್ನೋಣ, ಅನ್ನ ಕಡಿಮೆ ಮಾಡೋಣ' ಎಂದು ಇಬ್ಬರನ್ನೂ ಸಂಭಾಳಿಸಿ, ಹೊರಗಿನ ಪರಿಸ್ಥಿತಿಯನ್ನೂ ನೋಡಿಕೊಂಡು ದಾರಿ ಹುಡುಕುವುದು ಈಗೋ.

ಅಂದರೆ ಈಗೋ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು. ಆದರೆ 'ಮಗುವಿನ ಅಹಂ ಬಲವಾಗಿ ಬೆಳೆಯಬೇಕು' ಎಂದು ಬರೆದು ನೋಡಿ! ಒಬ್ಬ ವಿದ್ಯಾರ್ಥಿನಿ ಉತ್ತರದಲ್ಲಿ 'ಶಿಕ್ಷಕರು ಮಕ್ಕಳ ಅಹಂ ಅಳಿಸಬೇಕು' ಎಂದಿದ್ದಾಳೆ. ಪಾಠದ ಪ್ರಕಾರ ಪೂರ್ತಿ ಉಲ್ಟಾ. ಆದರೂ ಮಾರ್ಕ್ಸ್ ಕತ್ತರಿಸಲು ಮನಸ್ಸಾಗಲಿಲ್ಲ. ಕನ್ನಡ ಬಲ್ಲವರು ಆ ಪದವನ್ನು ಹಾಗೇ ತಾನೇ ಓದುವುದು.

ಮೂಲ ಜರ್ಮನ್‌ನಲ್ಲಿ ಈ ತೊಡಕಿಲ್ಲ. 1923ರ ಪುಸ್ತಕಕ್ಕೆ ಫ್ರಾಯ್ಡ್ ಇಟ್ಟ ಹೆಸರು 'ದಾಸ್ ಇಖ್ ಉಂಡ್ ದಾಸ್ ಎಸ್'. ಇಖ್ ಅಂದರೆ ನಾನು, ಎಸ್ ಅಂದರೆ ಅದು, ಅಷ್ಟೇ. ಫ್ರಾಯ್ಡ್ ಇದ್ದ ವಿಯೆನ್ನಾದ ಮಕ್ಕಳೂ ಆಡುವ ಮಾತು. 'ಎಸ್' ಅನ್ನು ಅವನು ಗ್ರೊಡೆಕ್ ಎಂಬ ವೈದ್ಯನಿಂದ ಎರವಲು ಪಡೆದಿದ್ದ. ಇಂಗ್ಲಿಷಿನವರು ಇವಕ್ಕೆ ಲ್ಯಾಟಿನ್ ಹಾಕಿದರು, ನಾವು ಆ ಲ್ಯಾಟಿನ್‌ಗೆ ಸಂಸ್ಕೃತ ಹಾಕಿದೆವು.

ಹಾಗಾದರೆ ಸುಮ್ನೆ 'ನಾನು', 'ಅದು' ಎಂದೇ ಬರೆಯಬಹುದಲ್ಲ ಎಂದು ಶುರು ಮಾಡಿದೆ. ಎರಡನೇ ಸಾಲಿಗೇ ಸಿಕ್ಕಿಬಿದ್ದೆ. 'ನಾನು ಗಟ್ಟಿಯಾಗುತ್ತದೆ' ಎನ್ನಬೇಕೋ, 'ಗಟ್ಟಿಯಾಗುತ್ತೇನೆ' ಎನ್ನಬೇಕೋ? 'ನನಗೆ' ಅಂದರೆ ಬರೆದವನಿಗೆ ಅಂತಾಗುತ್ತದೆ, 'ನಾನುವಿಗೆ' ಕಿವಿಗೆ ಹಿಡಿಸುವುದಿಲ್ಲ. ವ್ಯಾಕರಣ ಹೇಗೋ ಪಳಗಿಸಿದರೂ ಇನ್ನೊಂದು ಕಷ್ಟವಿದೆ. 'ನಾನು ಹೋದರೆ ಹೋದೇನು' ಎಂಬ ಕನಕದಾಸರ ಕಥೆ ಕೇಳದವರು ಯಾರು? ನಮ್ಮಲ್ಲಿ ನಾನು ಎಂಬುದು ಹೋಗಬೇಕಾದ್ದು. ಫ್ರಾಯ್ಡ್ 1933ರ ಉಪನ್ಯಾಸ ಪುಸ್ತಕದಲ್ಲಿ ಹೇಳುವುದೋ, 'ಅದು ಇದ್ದಲ್ಲಿ ನಾನು ಬರಬೇಕು' ಎಂದು! ಇಬ್ಬರ 'ನಾನು' ಬೇರೆ ಬೇರೆ, ನಿಜ. ಆದರೆ ಇದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದುವವರಿಗೆ ಯಾರು ಬಿಡಿಸಿ ಹೇಳುತ್ತಾರೆ?

ಸದ್ಯಕ್ಕೆ 'ಈಗೋ' ಎಂದೇ ಬಿಟ್ಟು, ಮೊದಲ ಸಲ ಬಂದಾಗ 'ಇಲ್ಲಿ ಸೊಕ್ಕು ಎಂಬ ಅರ್ಥವಿಲ್ಲ' ಎಂದು ಒಂದು ಸಾಲು ಸೇರಿಸಿದ್ದೇನೆ. 'ನಾನುತನ' ಎಂದರೆ ಹೇಗೆ? ನನಗೆ ಅದೂ ಸ್ವಲ್ಪ ಸೊಕ್ಕಿನ ಕಡೆಗೇ ವಾಲಿದಂತೆ ಕೇಳುತ್ತದೆ. ಧಾರವಾಡದ ಕಡೆಯವರು, ಕರಾವಳಿಯವರು ನಿಮ್ಮ ಕಿವಿಗೆ ಹೇಗೆ ಕೇಳಿಸಿತು ಹೇಳಿ.

ಇದರ ಜೊತೆಗೇ ಇನ್ನೊಂದು. ನೋಟ್ಸಿನಲ್ಲಿ ಅನ್‌ಕಾನ್ಶಿಯಸ್‌ಗೂ 'ಸುಪ್ತ', ಆರು ವರ್ಷದಿಂದ ಹರೆಯದವರೆಗಿನ ಲೇಟೆನ್ಸಿ ಹಂತಕ್ಕೂ 'ಸುಪ್ತ'. ಲೇಟೆನ್ಸಿಗೆ ಒಪ್ಪುತ್ತದೆ, ಆ ವಯಸ್ಸಲ್ಲಿ ಕಾಮದ ಸೆಳೆತ ತಣ್ಣಗಿರುತ್ತದೆ ಎಂದೇ ಫ್ರಾಯ್ಡನ ವಾದ. ಆದರೆ ಅವನ ಅನ್‌ಕಾನ್ಶಿಯಸ್ ಮಲಗುವುದೇ ಇಲ್ಲ. ಕನಸಲ್ಲಿ, ಬಾಯಿತಪ್ಪಿ ಬಂದ ಮಾತಲ್ಲಿ ತಲೆ ಹಾಕುತ್ತಲೇ ಇರುತ್ತದೆ. ಅದಕ್ಕೆ 'ಅರಿವಿಗೆ ಬಾರದ ಮನಸ್ಸು' ಎಂದು ಬರೆದಿದ್ದೇನೆ. ಉದ್ದ ಆಯಿತೇ?