‘ಯುವ ಬಾಂಬರ್ ಸಿಬ್ಬಂದಿ ಹುತಾತ್ಮ’ – ಈ ಸಾಲು ಸರಿಯೇ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಲ್ಯಾಂಕಾಸ್ಟರ್ ವಿಮಾನದ ಹಿಂಬದಿ ಗನ್ನರ್ ಆಗಿದ್ದ 20ರ ಹುಡುಗನೊಬ್ಬನ ಭಾವಚಿತ್ರದ ಕೆಳಗೆ ಹಾಕಲು ಎರಡು ಸಾಲು ಬೇಕು. 1944ರ ಮಾರ್ಚ್ 30ರ ರಾತ್ರಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಮೇಲಿನ ದಾಳಿಗೆ ಹೋದವನು. ದಾಖಲೆಯಲ್ಲಿ ಮೊದಲು ‘ಕಾಣೆ’, ತಿಂಗಳುಗಳ ಮೇಲೆ ‘ಮೃತನೆಂದು ಭಾವಿಸಲಾಗಿದೆ’ ಎಂದಿದೆ. ಹೆಸರು ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿದೆ.

ಉತ್ತರ: ಆ ಸಾಲಿನ ‘ಬಾಂಬರ್’, ‘ಸಿಬ್ಬಂದಿ’, ‘ಹುತಾತ್ಮ’ – ಮೂರು ಪದಗಳೂ ಕೈಕೊಡುತ್ತವೆ.

‘ಬಾಂಬರ್’ ಎಂದರೆ ಇಂದಿನ ಪತ್ರಿಕೆ ಓದುಗನಿಗೆ ಮೊದಲು ನೆನಪಾಗುವವನು ಆತ್ಮಾಹುತಿ ಬಾಂಬರ್. ‘ಬಾಂಬರ್ ವಿಮಾನ’ ಎಂದು ಬಿಡಿಸಿ ಬರೆಯಿರಿ. ‘ವಿಮಾನ ಸಿಬ್ಬಂದಿ’ ಗಗನಸಖಿಯರನ್ನು ಕಣ್ಣಮುಂದೆ ತರುತ್ತದೆ. ಲ್ಯಾಂಕಾಸ್ಟರ್‌ನಲ್ಲಿದ್ದವರು ಏಳು ಮಂದಿ, ಪ್ರತಿಯೊಬ್ಬನಿಗೂ ಬೇರೆ ಕೆಲಸ, ‘ತಂಡ’ ಸಾಕು. ‘ಗೋಲಂದಾಜ’ ಫಿರಂಗಿಯವನು, ಇಲ್ಲಿ ಹೊಂದದು. ‘ಗನ್ನರ್’ ಇರಲಿ. ‘ಹಿಂಬದಿ’ಯನ್ನಂತೂ ಬಿಡಬೇಡಿ. ಬಾಲದ ಟರೆಟ್‌ನಲ್ಲಿ, ಅಂದರೆ ತಿರುಗುವ ಗನ್ ಗೂಡಿನಲ್ಲಿ, ನಾಲ್ಕು ಬ್ರೌನಿಂಗ್ ಮಷೀನ್ ಗನ್‌ಗಳ ಹಿಂದೆ ಅವನೊಬ್ಬನೇ. ಪ್ಯಾರಾಚೂಟ್ ಇಡಲೂ ಒಳಗೆ ಜಾಗವಿಲ್ಲದೆ ಅದನ್ನು ಬಾಗಿಲಾಚೆ, ವಿಮಾನದ ಒಡಲಿನಲ್ಲಿ ತೂಗುಹಾಕುತ್ತಿದ್ದರು. ಬೆಂಕಿ ಬಿದ್ದರೆ ಬಾಗಿಲು ತೆರೆದು, ಅದನ್ನೆಳೆದು ಎದೆಗೆ ಸಿಕ್ಕಿಸಿಕೊಂಡ ಮೇಲೆಯೇ ಹಾರಬೇಕು.

‘ಹುತಾತ್ಮ’ ಬೇಡವೆಂದೇ ನನ್ನ ಅಭಿಪ್ರಾಯ. ಹುತ ಎಂದರೆ ಬೆಂಕಿಗೆ ಅರ್ಪಿತವಾದದ್ದು. ಉರಿಯುವ ವಿಮಾನದ ವಿಷಯದಲ್ಲಿ ಆ ಅರ್ಥ ಕ್ರೂರವಾಗಿ ನಿಜವಾಗಿಬಿಡುತ್ತದೆ. ಜೊತೆಗೆ, ಅವನ ತಂಡ ಬಾಂಬು ಹಾಕಲು ಹೋದದ್ದು ಜನವಸತಿಯ ನಗರಕ್ಕೆ. ಬಿರುದು ಕೊಡುವ ಪದ ಆ ಮಾತನ್ನು ಮುಚ್ಚುತ್ತದೆ. ನಮ್ಮ ಹಳೆಯ ವೀರಗಲ್ಲುಗಳೇ ‘ಸತ್ತ’ ಎಂದು ನೇರವಾಗಿ ಕೆತ್ತಿಸಿವೆ. ಇಂದು ‘ಸತ್ತ’ ಒರಟಾದೀತು, ‘ತೀರಿಕೊಂಡ’ ಮನೆಯ ಹಾಸಿಗೆಯ ಮಾತು, ‘ಅಸುನೀಗಿದ’ ರಸ್ತೆ ಅಪಘಾತದ ವರದಿ. ‘ಮಡಿದ’ ಎನ್ನಿ. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಮಾನಗಳ ವಿಭಾಗವಾದ ಬಾಂಬರ್ ಕಮಾಂಡ್ ಆ ಯುದ್ಧದಲ್ಲಿ ಕಳೆದುಕೊಂಡ 55,573 ಮಂದಿಯಲ್ಲಿ ಸಾವಿರಾರು ಜನ ತರಬೇತಿ ಹಾರಾಟಗಳಲ್ಲೇ ಸತ್ತರು. ಅಂಥವರಿಗಾದರೆ ‘ಕಾಳಗದಲ್ಲಿ ಮಡಿದ’ ತಪ್ಪಾಗುತ್ತದೆ, ಇವನಿಗೆ ಆ ತೊಡಕಿಲ್ಲ.

ದಾಖಲೆಯ ‘ಕಾಣೆ’ಯನ್ನು ‘ನಾಪತ್ತೆ’ ಎನ್ನಬೇಡಿ, ಅದರಲ್ಲಿ ಓಡಿಹೋದವನ ವಾಸನೆಯಿದೆ. ‘ವಿಮಾನ ಮರಳಲಿಲ್ಲ’ ಎಂದರೆ ಸ್ಕ್ವಾಡ್ರನ್ನಿನ ದಿನಚರಿಯ ಧಾಟಿಯೂ ಉಳಿಯುತ್ತದೆ.

ತಾರೀಖಿನ ಬಗ್ಗೆ ಎಚ್ಚರ. ನಮ್ಮ ರೂಢಿಯಲ್ಲಿ ಬೆಳಕು ಹರಿಯುವವರೆಗೂ ಅದು 30ರ ರಾತ್ರಿಯೇ. ಕ್ಯಾಲೆಂಡರಿನಲ್ಲಿ ನಡುರಾತ್ರಿಗೆ 31 ಬಂತು. ಅಂದು ಮರಳದ 95 ವಿಮಾನಗಳಲ್ಲಿ ಹೆಚ್ಚಿನವು ಬಿದ್ದದ್ದು ನಡುರಾತ್ರಿ ಕಳೆದ ಮೇಲೆ. ಹಾಗಾಗಿ ಹೊರಟ ದಿನ, ಸಾವಿನ ದಿನ ಬೇರೆಯಾಗಿ ಕಾಣಬಹುದು. ‘30–31ರ ರಾತ್ರಿ’ ಎಂದರೆ ಜಗಳವಿಲ್ಲ. ರನ್ನಿಮೀಡ್‌ನಲ್ಲಿರುವುದು ‘ಸಮಾಧಿ’ಯಲ್ಲ, ಸಮಾಧಿ ಸಿಗದ 20 ಸಾವಿರಕ್ಕೂ ಹೆಚ್ಚು ಜನರ ಹೆಸರಿರುವ, 1953ರಲ್ಲಿ ಅನಾವರಣಗೊಂಡ ಸ್ಮಾರಕ.

ನನ್ನ ಕರಡು: ‘ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಹಿಂಬದಿ ಗನ್ನರ್. 1944ರ ಮಾರ್ಚ್ 30–31ರ ರಾತ್ರಿ ನ್ಯೂರೆಂಬರ್ಗ್ ದಾಳಿಗೆ ಹೋದ ವಿಮಾನ ಮರಳಲಿಲ್ಲ. 20ನೇ ವಯಸ್ಸಿನಲ್ಲಿ ಮಡಿದ. ದೇಹ ಸಿಗಲಿಲ್ಲ, ಹೆಸರು ರನ್ನಿಮೀಡ್ ಸ್ಮಾರಕದಲ್ಲಿದೆ.’ ಎರಡು ಸಾಲು ಮೀರಿತು. ಕತ್ತರಿಸಲೇಬೇಕಾದರೆ ‘ಲ್ಯಾಂಕಾಸ್ಟರ್’ ಹೋಗಲಿ, ‘ಮರಳಲಿಲ್ಲ’ ಇರಲಿ.