ನಲಿಕಲಿ ತರಗತಿ ಸಂತೆ ಆಗಿಬಿಟ್ಟಿದೆ, ಕೂಗದೆ ಹೇಗೆ ಸಂಭಾಳಿಸುತ್ತೀರಿ?

ಹೊಸ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಈ ವರ್ಷ ರಾಯಚೂರು ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಬಂದಿದ್ದೇನೆ. ನನ್ನದು ನಲಿಕಲಿ ಕೊಠಡಿ, ಅಂದರೆ ಮಕ್ಕಳು 'ತಟ್ಟೆ' ಅನ್ನುವ ಗುಂಪುಗಳಲ್ಲಿ ಕೂತು ಕಾರ್ಡ್ ಹಿಡಿದು ತಮ್ಮ ವೇಗಕ್ಕೆ ಕಲಿಯುವ ತರಗತಿ. ಒಂದು, ಎರಡು, ಮೂರನೇ ತರಗತಿ ಸೇರಿ 28 ಮಕ್ಕಳು. ನಾನು ಮೊದಲನೇ ತಟ್ಟೆಯ ಮಕ್ಕಳ ಜೊತೆ ಕೂತು ಅಕ್ಷರ ತೋರಿಸುತ್ತಿದ್ದರೆ ಉಳಿದ ನಾಲ್ಕು ತಟ್ಟೆಗಳು ಕೈ ಬಿಟ್ಟು ಹೋಗುತ್ತವೆ. ಒಬ್ಬ ಕಿಟಕಿ ಹತ್ತಿರುತ್ತಾನೆ, ಇಬ್ಬರು ಹುಣಸೆಬೀಜಕ್ಕೆ ಜಗಳ, ಇನ್ನೊಂದು ಕಡೆಯಿಂದ "ಸರ್, ಇವ ಹೊಡದ್ನರೀ" ಅಂತ ಸಾಲಾಗಿ ದೂರು. ಹಾಲು ಕುಡಿದು ಬಂದ ಮೇಲಂತೂ ಕೇಳಲೇಬೇಡಿ.

ಎರಡನೇ ತರಗತಿಯ ಒಬ್ಬ ಹುಡುಗ ಇದ್ದಾನೆ. ಕೂತಲ್ಲಿ ಕೂರುವುದಿಲ್ಲ, ಪಕ್ಕದವರಿಗೆ ಗುದ್ದುತ್ತಾನೆ, ಕಾರ್ಡ್ ಹರಿಯುತ್ತಾನೆ. ಅವನ ಅಜ್ಜಿ ಬಂದು "ನಾಲ್ಕು ಬಿಗೀರಿ ಸರ್, ಸರಿ ಹೋಗ್ತಾನ" ಅಂದರು. ನನಗೆ ಅದು ಬೇಡ. ಆದರೆ ಕೂಗಿ ಕೂಗಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಹೋಗಿರುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಕೋಟೆ ಟೀಚರ್:
ಸರ್, ಮೊದಲು ಒಂದು ಮಾತು. ನಲಿಕಲಿಯಲ್ಲಿ ಸದ್ದು ಇರಲೇಬೇಕು. ನಮ್ಮ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಇದು ಶುರುವಾದಾಗಲೂ, ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದ ಶಿಕ್ಷಕರು ತಂದಿದ್ದು ಮಕ್ಕಳು ಮಾತಾಡುತ್ತಾ ಕಲಿಯುವ ತರಗತಿಯನ್ನೇ. ಹಾಗಾಗಿ ಎಲ್ಲರೂ ಬಾಯಿ ಮುಚ್ಚಿ ಕೂರಲಿ ಅಂತ ಹೊರಟರೆ ನೀವೇ ಸೋಲುತ್ತೀರಿ. ಕೆಲಸದ ಸದ್ದು ಬೇರೆ, ಖಾಲಿ ಕೂತವರ ಸದ್ದು ಬೇರೆ. ನೀವು ಹೇಳಿದ್ದು ಪೂರ್ತಿ ಎರಡನೆಯದು.

ಸ್ವಕಲಿಕೆ ತಟ್ಟೆಯ, ಅಂದರೆ ತಾನೇ ಕಲಿಯುವ ಗುಂಪಿನ ಮಗು ಕಾರ್ಡ್ ಮುಗಿಸಿದ ಮೇಲೆ ಏನು ಮಾಡಬೇಕು ಅಂತ ನಿಮ್ಮನ್ನು ಕೇಳದೆ ಅದಕ್ಕೆ ಗೊತ್ತಾಗುತ್ತದಾ? ಗೊತ್ತಿಲ್ಲ ಅಂದರೆ ಅದು ಕಿಟಕಿ ಹತ್ತುತ್ತದೆ, ಅಷ್ಟೇ. ಹಾಗಾಗಿ ಒಂದೆರಡು ವಾರ ಪಾಠದ ಆಸೆ ಬಿಡಿ. ಏಣಿ (ಯಾವ ಕಾರ್ಡ್ ಆದ ಮೇಲೆ ಯಾವುದು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ) ನೋಡುವುದು, ಕಾರ್ಡ್ ತೆಗೆದುಕೊಳ್ಳುವುದು, ತಟ್ಟೆಗೆ ಹೋಗಿ ಕೂರುವುದು, ಮುಗಿದ ಮೇಲೆ ಕಾರ್ಡನ್ನು ಅದೇ ಜಾಗಕ್ಕೆ ಇಟ್ಟು ಗೋಡೆ ಹಲಗೆಯ ತನ್ನ ಭಾಗದಲ್ಲಿ ಬರೆಯುವುದು, ಇಷ್ಟನ್ನೇ ಆಟದ ಹಾಗೆ ಮಾಡಿಸಿ. ಸಮಯ ಹಾಳು ಅನಿಸುತ್ತದೆ. ಆಮೇಲೆ ವರ್ಷಪೂರ್ತಿ ಅದೇ ಕಾಯುತ್ತದೆ.

ನೀವು ಕೂರುವ ಜಾಗವನ್ನೂ ನೋಡಿಕೊಳ್ಳಿ. ಬೆನ್ನು ಗೋಡೆಗಿರಲಿ, ಐದೂ ತಟ್ಟೆ ಕಣ್ಣಿಗೆ ಬೀಳಲಿ. ಬಹಳ ಜನ ಮಕ್ಕಳಿಗೆ ಬೆನ್ನು ಹಾಕಿ ಕೂತು ಆಮೇಲೆ ಕೂಗುತ್ತಾರೆ. ಸುಮ್ಮನಾಗಿಸಬೇಕು ಅಂದಾಗ ನಾನು ಕಂಜರ ಬಡಿಯುತ್ತೇನೆ, ಮಕ್ಕಳು ಅದೇ ತಾಳವನ್ನು ಚಪ್ಪಾಳೆಯಲ್ಲಿ ವಾಪಸ್ ಕೊಡಬೇಕು. ಎರಡು ಸಲ ಆಗುವಷ್ಟರಲ್ಲಿ ಎಲ್ಲರ ಕೈಯೂ ಖಾಲಿಯಾಗಿರುತ್ತದೆ. ತಾಳ ಕೊಟ್ಟ ಮೇಲೆ ಮಾತ್ರ ಮತ್ತೆ ಕೂಗಬಾರದು, ಕೂಗಿದರೆ ಕಂಜರಕ್ಕೆ ಬೆಲೆ ಇರುವುದಿಲ್ಲ.

ಹಾಲಿನ ಹೊತ್ತಿನ ಗಲಾಟೆ ಸಾಲಿನ ಗಲಾಟೆ. 28 ಮಕ್ಕಳನ್ನೂ ಒಟ್ಟಿಗೆ ಏಕೆ ನಿಲ್ಲಿಸುತ್ತೀರಿ? ತಟ್ಟೆ ಪ್ರಕಾರ ಕಳಿಸಿ, ಉಳಿದವರು ಹಾಡು ಹೇಳುತ್ತಿರಲಿ. ದೂರುಗಳಿಗೆ ಊಟದ ನಂತರ ಬೇವಿನ ಮರದ ಕೆಳಗೆ ಒಂದು ಹೊತ್ತು ಇಡಿ. ಮುಕ್ಕಾಲು ಪಾಲು ಅಷ್ಟರಲ್ಲಿ ಮರೆತೇ ಹೋಗಿರುತ್ತವೆ. ಪೆಟ್ಟಾಗಿದ್ದರೆ ಮಾತ್ರ ಆಗಲೇ ನೋಡಿ.

ಹಳೇ ಬೆಂಚು:
ಓದೋಕೆ ಚೆನ್ನಾಗಿದೆ ಮೇಡಂ. ನಾವು ಬೆತ್ತದ ಏಟು ತಿಂದೇ ಓದಿದವರು, ಏನೂ ಹಾಳಾಗಿಲ್ಲ. ಹೊಡೆಯಬೇಡಿ ಸರ್, ಒಂದು ಕೋಲು ಟೇಬಲ್ ಮೇಲೆ ಇಡಿ ಸಾಕು.

ಬಿ.ಆರ್.ಸಿ. ಗೆಳತಿ:
ಬೆತ್ತದ ಭಯಕ್ಕೆ ಶಾಲೆ ಬಿಟ್ಟವರು ಇಲ್ಲಿ ಬಂದು ಬರೆಯುತ್ತಿಲ್ಲ, ಅಲ್ವಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಹಿಂಸೆಯೂ ನಿಷೇಧ. ಕೋಲು ತೋರಿಸಿ ಹೆದರಿಸುವುದು ಅದರಲ್ಲೇ ಬರುತ್ತದೆ. ಅದೂ ಅಲ್ಲದೆ ಕೋಲು ಇರುವವರೆಗೆ ಮಾತ್ರ ಶಾಂತಿ, ನೀವು ದಾಖಲೆ ತುಂಬಲು ಆಫೀಸ್ ರೂಮಿಗೆ ಹೋದರೆ ಮುಗಿಯಿತು.

ಹೊಸ ಮೇಷ್ಟ್ರೇ, ಆ ಹುಡುಗನ ಬಗ್ಗೆ. ನಾನು ವಿಶೇಷ ಅಗತ್ಯದ ಮಕ್ಕಳ ಜೊತೆ ಕೆಲಸ ಮಾಡುವವಳು, ಅದಕ್ಕೇ ಕೇಳುತ್ತಿದ್ದೇನೆ. ಶಾಲೆಗೆ ಅಜ್ಜಿ ಬಂದರು ಅಂದಿರಿ. ಅಪ್ಪ ಅಮ್ಮ ಗುಳೆ ಹೋಗಿದ್ದಾರಾ? ಮನೆಯಲ್ಲಿ ಕನ್ನಡ ಮಾತಾಡುತ್ತಾರಾ, ಲಂಬಾಣಿಯಾ, ತೆಲುಗಾ? ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾನಾ? ಕಿವಿ ಸೋರುವ ಮಕ್ಕಳು ಎಷ್ಟೋ ಸಲ ತುಂಟರು ಅಂತ ಹೆಸರು ಪಡೆದಿರುತ್ತಾರೆ. ಶಾಲಾ ಮಕ್ಕಳ ಆರೋಗ್ಯ ನೋಡುವ ಸರ್ಕಾರಿ ಆರ್.ಬಿ.ಎಸ್.ಕೆ. ತಂಡ ತಪಾಸಣೆಗೆ ಬಂದಾಗ ಅವನನ್ನು ತಪ್ಪದೆ ತೋರಿಸಿ. ಅವರು ಬರುವುದು ತಡ ಇದ್ದರೆ ಕಾಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.

ಇನ್ನೊಂದು, ಅವನು ಯಾವ ಕಾರ್ಡ್ ಹರಿಯುತ್ತಾನೆ ನೋಡಿ. ನನಗೆ ಅನುಮಾನ ಇರುವುದು ಅಲ್ಲೇ. ಎರಡನೇ ತರಗತಿ ಅಂತ ಆ ಮೆಟ್ಟಿಲಿನ ಕಾರ್ಡ್ ಕೈಗೆ ಕೊಟ್ಟು, ಅವನು ನಿಜವಾಗಿ ಇರುವುದು ಒಂದನೇ ತರಗತಿಯ ಮೆಟ್ಟಿಲಲ್ಲಿ ಆಗಿದ್ದರೆ ಹರಿಯದೆ ಇನ್ನೇನು ಮಾಡುತ್ತಾನೆ? ಏಣಿ ಇರುವುದೇ ಇದಕ್ಕೆ. ತಿಂಗಳುಗಟ್ಟಲೆ ಶಾಲೆಗೆ ಬರದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತಬಹುದು, ಯಾರ ಹಿಂದೆಯೂ ಓಡಬೇಕಿಲ್ಲ. ಯಾವ ಮಗು ಎಲ್ಲಿಯವರೆಗೆ ಬಂದಿದೆ ಅಂತ ಗುರುತು ಹಾಕುವ ಪ್ರಗತಿ ನೋಟ ತೆಗೆದು ನೋಡಿ.

ಹೊಸ ಮೇಷ್ಟ್ರು:
ಇಬ್ಬರಿಗೂ ಥ್ಯಾಂಕ್ಸ್. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ, ಹೋದ ವರ್ಷ ಅರ್ಧ ವರ್ಷ ಇವನೂ ಅಲ್ಲೇ ಇದ್ದ. ಪ್ರಗತಿ ನೋಟದಲ್ಲಿ ಅವನ ಸಾಲು ಹೆಚ್ಚು ಕಡಿಮೆ ಖಾಲಿ. ಸೋಮವಾರದಿಂದ ಕೆಳಗಿನ ಮೆಟ್ಟಿಲಿನ ಕಾರ್ಡ್ ಕೊಟ್ಟು ನೋಡುತ್ತೇನೆ. ಹಾಲನ್ನೂ ತಟ್ಟೆ ಪ್ರಕಾರವೇ ಕೊಡುವುದು. ಒಂದು ಡೌಟು, ನಮ್ಮ ಗೋಡೆ ಹಲಗೆಗೆ ಬಣ್ಣ ಹೋಗಿ ಬರೆದದ್ದು ಕಾಣುವುದಿಲ್ಲ. ಶಾಲಾ ಅನುದಾನದಲ್ಲಿ ಬಣ್ಣ ಹಾಕಿಸಬಹುದಾ?

ಕೋಟೆ ಟೀಚರ್:
ಹೆಡ್ ಮಾಸ್ತರಿಗೆ ಹೇಳಿ, ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಬರೆಸಿ. ಬಣ್ಣ ಹಾಕುವವರಿಗೆ ಒಂದನೇ ತರಗತಿ ಮಗುವನ್ನು ಗೋಡೆ ಪಕ್ಕ ನಿಲ್ಲಿಸಿ ಎತ್ತರ ತೋರಿಸಿ, ಇಲ್ಲದಿದ್ದರೆ ದೊಡ್ಡವರ ಅಳತೆಗೆ ಬಳಿದು ಹೋಗುತ್ತಾರೆ.