ಹದಿಹರೆಯದವರು ಕುಡಿಯಲು ತೊಡಗುವುದೇಕೆ? ಊರಿಗೊಂದು ಕಾರಣವೇ?

ಪ್ರಶ್ನೆ (ಪುಣೆ, ಕೋಥರೂಡ್)

ಮಾನ್ಯರೇ, ನನ್ನ ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ಅವನ ಸಹಪಾಠಿಯೊಬ್ಬನ ಹುಟ್ಟುಹಬ್ಬದಲ್ಲಿ ಹುಡುಗರು ಬಿಯರ್ ಕುಡಿದಿದ್ದರೆಂದು ತಿಳಿದಾಗ ನಮ್ಮ ಸೊಸೈಟಿಯ ಹಿರಿಯರು ‘ಸಹವಾಸದೋಷ’ ಎಂದು ಮಾತು ಮುಗಿಸಿಬಿಟ್ಟರು. ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಗೆಳೆಯರು ಯಾವ ದೇಶದ ಮಕ್ಕಳಿಗಿಲ್ಲ? ಆದರೂ ಡೆನ್ಮಾರ್ಕಿನ ಹದಿನಾರರ ಹುಡುಗರು ಕುಡಿಯುವಷ್ಟು ಐಸ್‌ಲ್ಯಾಂಡಿನ ಹುಡುಗರು ಕುಡಿಯುವುದಿಲ್ಲ. ಕಾನೂನೇ ಕಾರಣವೆನ್ನೋಣವೆಂದರೆ, ವಿಸ್ಕಿ, ರಮ್ಮಿಗೆ 25 ವರ್ಷ ತುಂಬಿರಬೇಕೆನ್ನುವ ನಮ್ಮ ಮಹಾರಾಷ್ಟ್ರದಲ್ಲೇ ಹನ್ನೊಂದನೆಯ ತರಗತಿಯ ಮಕ್ಕಳ ಕೈಗೆ ಬಾಟಲಿ ಸಿಗುತ್ತಿದೆ. ಗೋವಾದಲ್ಲಿ ನೆಲೆಸಿರುವ ನಮ್ಮ ಭಾವನವರು, ಮನೆಯಲ್ಲೇ ಹಿರಿಯರ ಎದುರು ಒಂದೆರಡು ಗುಟುಕು ಕೊಟ್ಟು ರೂಢಿಸಿದರೆ ಮಕ್ಕಳು ಹೊರಗೆ ಹದ್ದು ಮೀರುವುದಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಡಗಾಂವ್)

ನಿಮ್ಮ ಭಾವನವರು ಹೇಳುವ ಪದ್ಧತಿಯನ್ನು ನಾನು ನೆರೆಮನೆಗಳಲ್ಲಿ ಕಂಡಿದ್ದೇನೆ. ಕ್ರಿಸ್‌ಮಸ್‌ಗೋ ಮದುವೆಯಲ್ಲಿ ಶುಭ ಕೋರಿ ಗ್ಲಾಸೆತ್ತುವ ಟೋಸ್ಟ್‌ಗೋ ಮನೆಯ ಹುಡುಗನ ಕೈಗೂ ಪುಟ್ಟ ಗ್ಲಾಸಿನಲ್ಲಿ ತುಸು ವೈನ್ ಬರುತ್ತದೆ. ಅಜ್ಜಿ, ಪಾದ್ರಿ, ಚಿಕ್ಕಪ್ಪಂದಿರೆಲ್ಲ ಎದುರಿಗೇ ಇರುವುದರಿಂದ ಎರಡನೆಯ ಗ್ಲಾಸನ್ನು ಅವನು ಕೇಳುವುದೂ ಇಲ್ಲ. ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉತ್ತರ ಗೋವಾದ ಗಂಡಸರ ಬಗ್ಗೆ ನಡೆದ ಒಂದು ಅಧ್ಯಯನದ ಪ್ರಕಾರ, 1956ರಿಂದ 1960ರ ನಡುವೆ ಹುಟ್ಟಿದವರಲ್ಲಿ 21 ತುಂಬುವ ಮೊದಲೇ ಕುಡಿತ ಆರಂಭಿಸಿದವರು ಶೇಕಡ 19.5ರಷ್ಟಿದ್ದರೆ, 1981ರಿಂದ 1985ರ ನಡುವೆ ಹುಟ್ಟಿದವರಲ್ಲಿ ಆ ಪ್ರಮಾಣ ಶೇಕಡ 74.3ಕ್ಕೆ ಏರಿತ್ತು. ಮನೆಯ ಪದ್ಧತಿ ಎರಡೂ ತಲೆಮಾರುಗಳಿಗೆ ಇತ್ತಲ್ಲವೇ? ಬದಲಾದದ್ದು ಹೊರಗಿನ ಲೋಕ: ಕೈಯಲ್ಲಿ ಓಡಾಡುವ ಹಣ, ಮೂಲೆಮೂಲೆಯ ಅಂಗಡಿ, ಕುಡಿಯುವುದಕ್ಕೆಂದೇ ಬರುವ ಪ್ರವಾಸಿಗರ ನಿತ್ಯದರ್ಶನ. ವಾಸ್ಕೋ ಕಡೆಯ ನಮ್ಮ ಕನ್ನಡದ ಕೂಲಿಕಾರರ ಮಕ್ಕಳಿಗಂತೂ ಟೋಸ್ಟಿನ ಮರ್ಯಾದೆ ಗೊತ್ತಿಲ್ಲ, ಅಂಗಡಿ ಮಾತ್ರ ಗೊತ್ತು. ನನಗೆ ಹೆಚ್ಚು ಸಂಕಟವಾಗುವುದು ಅವರನ್ನು ನೆನೆದಾಗಲೇ.

ಉತ್ತರ 2 (ಮುಂಬೈ, ಮಾಟುಂಗಾ, ಶಾಲಾ ಶಿಕ್ಷಕಿ)

ಮನೆಯಲ್ಲಿ ಕೊಟ್ಟು ಕಲಿಸುವ ವಿಚಾರವನ್ನು ಆಸ್ಟ್ರೇಲಿಯಾದಲ್ಲಿ ನೇರವಾಗಿಯೇ ಪರೀಕ್ಷಿಸಿದ್ದಾರೆ. ಸುಮಾರು 1,900 ಮಕ್ಕಳನ್ನು ಆರು ವರ್ಷಗಳ ಕಾಲ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಂದಿರೇ ಕೊಟ್ಟದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ದೊರೆತದ್ದು ಕಾಣಲಿಲ್ಲ. ಬದಲಿಗೆ ಹೊರಗಿನಿಂದ ಪಡೆದು ಕುಡಿಯುವ ಸಾಧ್ಯತೆಯೇ ಹೆಚ್ಚಿತ್ತು. ಆದ್ದರಿಂದ ದಯವಿಟ್ಟು ಆ ಪ್ರಯೋಗಕ್ಕೆ ಕೈಹಾಕಬೇಡಿ.

ಸಹವಾಸದ ಬಗ್ಗೆ ಒಂದು ಮಾತು. 2005ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವನ್ನು ಬೇರೆಬೇರೆ ವಯಸ್ಸಿನವರಿಂದ ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಅಪಾಯಕ್ಕೆ ಹೆಚ್ಚು ಮೈಯೊಡ್ಡಿದರು. ವಯಸ್ಕರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ಕೆಟ್ಟ ಗೆಳೆಯರ ಪ್ರಭಾವವಷ್ಟೇ ಅಲ್ಲ, ಆ ವಯಸ್ಸಿನ ಮೆದುಳಿನ ಸ್ವಭಾವ. ಒಳ್ಳೆಯ ಗೆಳೆಯರ ಎದುರೂ ಅದು ಹಾಗೆಯೇ ವರ್ತಿಸುತ್ತದೆ. ಈ ಸ್ವಭಾವ ಎಲ್ಲ ದೇಶಗಳಲ್ಲೂ ಒಂದೇ, ಆದರೆ ಅದು ಬಾಟಲಿಯ ಕಡೆಗೆ ಹರಿಯುತ್ತದೆಯೋ ಬೇರೆಡೆಗೋ ಎಂಬುದನ್ನು ಸುತ್ತಲಿನ ದೊಡ್ಡವರು ನಿರ್ಧರಿಸುತ್ತಾರೆ. ನೀವು ಐಸ್‌ಲ್ಯಾಂಡನ್ನು ಹೆಸರಿಸಿದ್ದೀರಿ. 1998ರಲ್ಲಿ ಅಲ್ಲಿನ 15-16ರ ಮಕ್ಕಳಲ್ಲಿ ಶೇಕಡ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇಕಡ 5ಕ್ಕೆ ಇಳಿಯಿತು. ಕ್ರೀಡೆ, ಸಂಗೀತಕ್ಕೆ ಸರ್ಕಾರವೇ ಹಣ ಕೊಟ್ಟಿತು, ಚಳಿಗಾಲದಲ್ಲಿ 13ರಿಂದ 16ರ ಮಕ್ಕಳು ರಾತ್ರಿ ಹತ್ತರ ನಂತರ ದೊಡ್ಡವರ ಜೊತೆಯಿಲ್ಲದೆ ಹೊರಗಿರಬಾರದೆಂಬ ನಿಯಮ ಜಾರಿಗೆ ಬಂತು, ತಂದೆತಾಯಂದಿರು ಮಕ್ಕಳೊಂದಿಗೆ ಹೆಚ್ಚು ಹೊತ್ತು ಕಳೆಯುವಂತೆ ಶಾಲೆಗಳು ಒತ್ತಾಯಿಸಿದವು. ಒಂದೇ ತಲೆಮಾರಿನೊಳಗೆ ಇಷ್ಟು ಬದಲಾವಣೆ ಸಾಧ್ಯವಾಗಿರುವಾಗ, ‘ಅವರ ಸಂಸ್ಕೃತಿಯೇ ಹಾಗೆ’ ಎಂದು ಕೈಚೆಲ್ಲುವುದನ್ನು ನಾನು ಒಪ್ಪಲಾರೆ.

ಉತ್ತರ 3 (ಮುಂಬೈ, ಅಂಧೇರಿ)

ಮೇಲಿನವರು ಹೇಳಿದ್ದು ಶಾಲೆಗೆ ಹೋಗುವ ಮಕ್ಕಳಿಗೆ ಸರಿ. ನಾನು ಹೋಟೆಲಿನಲ್ಲಿ ಬೆಳೆದವನು. ಕುಂದಾಪುರ, ಕಾರ್ಕಳದ ಕಡೆಯಿಂದ ಹದಿನಾಲ್ಕು ಹದಿನೈದರ ಪ್ರಾಯದಲ್ಲೇ ಬಂದು ಪರ್ಮಿಟ್ ರೂಮ್‌ಗಳಲ್ಲಿ, ಅಂದರೆ ಮದ್ಯ ಕೊಡುವ ಹೋಟೆಲುಗಳಲ್ಲಿ, ಟೇಬಲ್ ಒರೆಸುತ್ತಿದ್ದ ಹುಡುಗರನ್ನು ಹತ್ತಿರದಿಂದ ನೋಡಿದ್ದೇನೆ. ರಾತ್ರಿ ಒಂದರ ಸುಮಾರಿಗೆ ಶಟರ್ ಎಳೆದು, ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಮಗುಚಿ, ನೆಲ ತೊಳೆಯುವ ಮೊದಲು ಗಿರಾಕಿಗಳು ಉಳಿಸಿಹೋದ ಗ್ಲಾಸುಗಳನ್ನು ಒಂದರೊಳಗೊಂದು ಸುರಿದು ಕುಡಿಯುತ್ತಿದ್ದರು. ಅಲ್ಲಿ ಯಾರಿಗೂ ಪೌರುಷ ತೋರಿಸಬೇಕಾಗಿರಲಿಲ್ಲ. ಮೈಕೈ ನೋವಿಗೆ, ನಿದ್ದೆಗೆ, ಊರಿನ ನೆನಪಿಗೆ ಅವರಿಗೆ ಸಿಗುತ್ತಿದ್ದ ಪುಕ್ಕಟೆ ಮದ್ದು ಅದೊಂದೇ. ಕನ್ನಡದ ರಾತ್ರಿಶಾಲೆಗೆ ಸೇರಿದವರು ಬಹುಮಟ್ಟಿಗೆ ಪಾರಾದರು; ಸಂಜೆಯ ಹೊತ್ತಿಗೆ ಅವರಿಗೆ ಬೇರೊಂದು ಜಾಗವಿತ್ತು, ಹೆಸರು ಹಿಡಿದು ಕರೆಯುವ ಮೇಷ್ಟರಿದ್ದರು. ಬಡತನದ ಕುಡಿತವನ್ನೂ ಹುಟ್ಟುಹಬ್ಬದ ಬಿಯರನ್ನೂ ಒಂದೇ ಪ್ರಶ್ನೆಯಡಿ ಇಟ್ಟರೆ ಉತ್ತರ ಸಿಗಲಾರದು.

ಉತ್ತರ 4 (ಪುಣೆ, ಯೆರವಡಾ)

ಪ್ರಶ್ನೆ ಕೇಳಿದವರಿಗೆ ಎರಡು ಉಪಯುಕ್ತ ಸಂಗತಿಗಳು. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಸೆಕ್ಷನ್ ಪ್ರಕಾರ 18 ತುಂಬದವರಿಗೆ ಮದ್ಯ ಕೊಡುವವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು; ಆ ದಿನ ಬಾಟಲಿ ಎಲ್ಲಿಂದ ಬಂತೆಂದು ಪೋಷಕರೆಲ್ಲ ಸೇರಿ ವಿಚಾರಿಸಿ. ಇನ್ನು, ಕುಡಿತ ಒಂದು ದಿನದ್ದಲ್ಲವೆಂಬ ಅನುಮಾನ ಯಾವ ಮಗುವಿನ ಬಗ್ಗೆಯಾದರೂ ಇದ್ದರೆ, 1986ರಿಂದ ನಮ್ಮಲ್ಲೇ ನಡೆಯುತ್ತಿರುವ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರದಲ್ಲಿ ವಿಚಾರಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಸಲಹೆ ಉಚಿತವಾಗಿ ಸಿಗುತ್ತದೆ.